ಕಷಾಯ ಮೇಷ್ಟ್ರು ಮತ್ತು ಸೋಲಿನ ಪ್ರಶ್ನೆ

ಅವರು ಯಾವತ್ತೂ ಮೇಷ್ಟ್ರಾಗಿರಲಿಲ್ಲ. ಟೈರ್ ಕಾರ್ಖಾನೆಯೊಂದರಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ವಿಭಾಗದಲ್ಲಿ ತಲೆ ನರೆಯುವವರೆಗೆ ದುಡಿದವರು. ಕಾರ್ಖಾನೆ ಮುಚ್ಚಿದ ಮೇಲೆ ಕೋಚಿಂಗ್ ಸೆಂಟರ್ ಒಂದಕ್ಕೆ ಸೇರಿದರು. ಬಿಸಿನೆಸ್ ಸ್ಕೂಲ್ ಸೇರಬೇಕೆನ್ನುವ ಹುಡುಗ ಹುಡುಗಿಯರನ್ನು ಸಂದರ್ಶನಕ್ಕೆ ತಯಾರು ಮಾಡುವ ಜಾಗ ಅದು. ನಿಜವಾದ ಸಂದರ್ಶನಕ್ಕೆ ಮೊದಲು ಅಣಕು ಸಂದರ್ಶನ ಮಾಡಿ ಅವರ ಚಳಿ ಬಿಡಿಸುವುದು ಇವರ ಕೆಲಸ. ಎದುರಿಗೆ ‘ಸರ್’ ಎನ್ನುತ್ತಿದ್ದ ಆ ಮಕ್ಕಳು ಬೆನ್ನ ಹಿಂದೆ ‘ಕಷಾಯ ಮೇಷ್ಟ್ರು’ ಎನ್ನುತ್ತಿದ್ದರು. ಅದು ಇವರ ಕಿವಿಗೂ ಬಿದ್ದಿತ್ತು. ತಮ್ಮ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡಿದ್ದ ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಅವರನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಆ ಮುಖಕ್ಕಾಗಿ. ಸೆಂಟರಿನ ಮಾಲೀಕ ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದ: “ಸರ್, ನೀವು ಪ್ರಶ್ನೆ ಕೇಳದಿದ್ರೂ ಪರವಾಗಿಲ್ಲ. ಸುಮ್ನೆ ಹೀಗೇ ಕೂತಿರಿ. ಈ ಮುಖದ ಮುಂದೆ ಮಾತಾಡಿ ಗೆದ್ದೋರು ಎಲ್ಲಿ ಬೇಕಾದ್ರೂ ಗೆಲ್ತಾರೆ.” ಪಕ್ಕದ ಕುರ್ಚಿಯಲ್ಲಿ ನಗುಮುಖದ ಮೇಡಂ ಒಬ್ಬರು ಕೂರುತ್ತಿದ್ದರು. ಎದುರಿನವರು ಏನು ಹೇಳಿದರೂ ತಲೆಯಾಡಿಸಿ “ವಾವ್” ಎನ್ನುವುದು ಅವರ ಪಾಲಿನ ಕೆಲಸ. ಮುಖ ಸಿಂಡರಿಸುವುದು ಇವರದು. ಅದಕ್ಕೆ ಇವರು ನಟಿಸಬೇಕಾಗಿಯೇ ಇರಲಿಲ್ಲ. ಆ ಕೋಣೆಯೊಳಗೆ ಕಾಲಿಟ್ಟರೆ ಸಾಕು, ಮುಖ ತಾನಾಗಿಯೇ ಗಂಟಾಗುತ್ತಿತ್ತು.

ಗೋಡೆಗೆ ಸಿಕ್ಕಿಸಿದ್ದ ಡಬ್ಬಿಯೊಂದು ಆಗಾಗ ಪುಸ್ಸೆಂದು ನಿಂಬೆಯ ವಾಸನೆ ಉಗುಳುತ್ತಿತ್ತು. ಸೋಫಾದ ತೊಗಲು ಅಲ್ಲಲ್ಲಿ ಕಿತ್ತು ಕೂತವರ ಪ್ಯಾಂಟಿಗೆ ಅಂಟುತ್ತಿತ್ತು. ಬರುವವರೆಲ್ಲ ಅಣ್ಣನದೋ ಗೆಳೆಯನದೋ ಕೋಟು ಹಾಕಿಕೊಂಡು, ಬೆವರಿದ ಕೈ ಚಾಚಿ, ಇವರ ಕೈಯನ್ನು ಬೋರ್‌ವೆಲ್ ಪಂಪಿನಂತೆ ಜಗ್ಗುತ್ತಿದ್ದರು. ಹಾಗೆ ಜಗ್ಗಲು ಕಲಿಸಿದವನೂ ಮಾಲೀಕನೇ. ಪ್ರತಿ ಸಂದರ್ಶನ ಮುಗಿದ ಮೇಲೂ ಮೇಷ್ಟ್ರು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬರುತ್ತಿದ್ದರು.

ಕೈ ಬೆವರಿನ ಮಾತಿರಲಿ, ಸಹಿಸಲಾಗದ್ದು ಸೋಲಿನ ಪ್ರಶ್ನೆ. ‘ನಿಮ್ಮ ಜೀವನದ ದೊಡ್ಡ ಸೋಲು ಯಾವುದು, ಅದರಿಂದ ಏನು ಕಲಿತಿರಿ’ ಎಂದು ಎಲ್ಲ ಬಿಸಿನೆಸ್ ಸ್ಕೂಲಿನವರೂ ಕೇಳುತ್ತಾರಂತೆ. ಹೀಗಾಗಿ ಆ ಸೆಂಟರಿನಲ್ಲಿ ಸೋಲಿಗೆ ಭಾರಿ ಬೇಡಿಕೆ. ಸೋತವರು ಪುಣ್ಯವಂತರು. ಉಂಡುಟ್ಟು ಸುಖವಾಗಿ ಬೆಳೆದ ಮಕ್ಕಳು “ನನಗೆ ಏನೂ ಆಗಿಲ್ಲ ಸರ್, ಏನ್ ಮಾಡ್ಲಿ?” ಎಂದು ಅಳುಮುಖ ಮಾಡಿಕೊಂಡು ಮಾಲೀಕನ ಕೋಣೆಗೆ ಹೋಗುತ್ತಿದ್ದರು. ಹೊರಗೆ ಬರುವಾಗ ಅವರ ಬಳಿ ಕಾಯಿಲೆಯ ಅಜ್ಜಿಯೋ, ಸುಟ್ಟುಹೋದ ಅಂಗಡಿಯೋ, ಮಾತು ಬಿಟ್ಟ ಗೆಳೆಯನೋ ಇರುತ್ತಿದ್ದ. ಎಲ್ಲಿ ಉಗುಳು ನುಂಗಬೇಕು, ಎಲ್ಲಿ ಕಿಟಕಿಯ ಕಡೆ ನೋಡಬೇಕು ಎನ್ನುವುದೂ ಅಭ್ಯಾಸವಾಗಿರುತ್ತಿತ್ತು. ಎದುರಿಗೆ ಕೂತು ಅದನ್ನು ಕೇಳುವಾಗ ಮೇಷ್ಟ್ರಿಗೆ ಬೇರೆಯವರು ಜಗಿದು ಉಗಿದದ್ದನ್ನು ತಮ್ಮ ತಟ್ಟೆಗೆ ಬಡಿಸಿದಂತಾಗುತ್ತಿತ್ತು.

ಅಂಥ ಜಾಗಕ್ಕೆ ಅವರ ಅಕ್ಕನ ಮಗಳೂ ಬಂದಳು. ಅವರೇ ಸೇರಿಸಿದ್ದು. ಹೇಸಿಗೆ ಪಡುವ ಜಾಗಕ್ಕೆ ಮನೆಯ ಹುಡುಗಿಯನ್ನು ಯಾಕೆ ಕರೆತಂದರು ಎಂದರೆ, ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ. ಕನ್ನಡಕದ ಗಾಜು ತಯಾರಿಸುವ ಕಂಪನಿಯಲ್ಲಿ ಅಂಗಡಿ ಅಂಗಡಿ ಅಲೆದು ಮಾರಾಟ ಮಾಡುತ್ತಿದ್ದವಳು ಅವಳು. ಜಾಣೆ, ಆದರೆ ಬಾಯಿ ಸಾಲದು. ಊರಿನ ದೊಡ್ಡ ಬಿಸಿನೆಸ್ ಸ್ಕೂಲಿನ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಇನ್ನು ಸಂದರ್ಶನವೊಂದು ದಾಟಿದರೆ ಸೀಟು. ಕಂಪನಿಯವರು ಮಾರಾಟದವರನ್ನೆಲ್ಲ ಮನೆಗೆ ಕಳಿಸುವ ಮಾತಾಡುತ್ತಿದ್ದರು, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಈ ವರ್ಷ ತಪ್ಪಿದರೆ ಮತ್ತೆ ಓದುವ ಮಾತೇ ಇಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಅಣಕು ಸಂದರ್ಶನದ ದಿನ ಅವಳು ಇವರನ್ನು ‘ಮಾಮ’ ಎನ್ನದೆ ‘ಸರ್’ ಎಂದೇ ಕರೆದಳು. ಕೈಯನ್ನೂ ಜಗ್ಗಲಿಲ್ಲ. ಎಲ್ಲ ಪ್ರಶ್ನೆಗೂ ಒಂದೊಂದೇ ವಾಕ್ಯದ ಉತ್ತರ. ಮೇಡಂಗೆ “ವಾವ್” ಎನ್ನಲು ಸಂದೇ ಸಿಗಲಿಲ್ಲ. ಕೊನೆಗೆ ಮೇಷ್ಟ್ರು ಎಂದಿನ ಮುಖದಲ್ಲಿ ಸೋಲಿನ ಪ್ರಶ್ನೆ ಕೇಳಿದರು.

“ಇದನ್ನ ಹೇಳ್ಬಹುದಾ ಅಂತ ಅಪ್ಪನ್ನ ಕೇಳ್ಕೊಂಡೇ ಬಂದಿದ್ದೀನಿ,” ಎಂದು ಅವಳು ಶುರು ಮಾಡಿದಳು. “ನಮ್ಮಪ್ಪನ ಕನ್ನಡಕದ ಅಂಗಡಿ ಇತ್ತು. ಜನರ ಕಣ್ಣು ಪರೀಕ್ಷೆ ಮಾಡ್ತಿದ್ದ ಅಪ್ಪನಿಗೇ ಕಣ್ಣು ಹೋಗ್ತಾ ಬಂತು. ನಾನಾಗ ಕಾಲೇಜಿನಲ್ಲಿದ್ದೆ. ಗಿರಾಕಿಗಳಿಗೆ ಗೊತ್ತಾಗಬಾರದು ಅಂತ ಪಕ್ಕದಲ್ಲೇ ಕೂತು, ಗಾಜಿನ ಲಕೋಟೆ ಮೇಲಿನ ನಂಬರನ್ನ ಆಟ ಆಡೋ ಹಾಗೆ ಜೋರಾಗಿ ಓದ್ತಿದ್ದೆ. ಎರಡು ವರ್ಷ ಹಾಗೇ ನಡೀತು. ಒಂದು ದಿನ ನಾನು ಪರೀಕ್ಷೆಗೆ ಹೋಗಿದ್ದೆ. ಅಪ್ಪ ಕೈಗೆ ಸಿಕ್ಕ ಗಾಜು ಹಾಕಿ ಒಬ್ಬ ಬಸ್ ಡ್ರೈವರಿಗೆ ಕನ್ನಡಕ ಕೊಟ್ಟುಬಿಟ್ಟಿದ್ರು. ಸಂಜೆ ಬಂದು ಉಳಿದ ಲಕೋಟೆ ನೋಡಿದಾಗ ಗೊತ್ತಾಯ್ತು. ಡಿಪೋಗೆ ಓಡಿದೆ. ಅವರು ಅದನ್ನ ಹಾಕ್ಕೊಂಡೇ ಒಂದು ಸುತ್ತು ಬಸ್ ಓಡಿಸಿ ಬಂದಿದ್ರು. ಯಾರಿಗೂ ಏನೂ ಆಗಿರಲಿಲ್ಲ. ಅವರ ಹತ್ರ ನಿಜ ಹೇಳಿ ಕನ್ನಡಕ ವಾಪಸ್ ತಗೊಂಡೆ. ಆಮೇಲೆ ಅಪ್ಪ ಅಂಗಡಿ ಮುಚ್ಚಿದ್ರು. ಅಪ್ಪನಿಗೆ ಸಹಾಯ ಮಾಡ್ತಿದ್ದೀನಿ ಅಂದ್ಕೊಂಡು ಒಂದು ಸುಳ್ಳನ್ನ ಎರಡು ವರ್ಷ ಸಾಕಿದೆ. ಅದೇ ನನ್ನ ಸೋಲು.”

ಅವಳು ಉಗುಳು ನುಂಗಲಿಲ್ಲ, ಕಿಟಕಿಯ ಕಡೆ ನೋಡಲಿಲ್ಲ. ಬಸ್ಸಿನ ಸಮಯ ಹೇಳಿದಷ್ಟು ಸಪ್ಪೆಯಾಗಿ ಹೇಳಿ ಮುಗಿಸಿದಳು. ಭಾವನಿಗೆ ಈಗ ಕಣ್ಣು ಕಾಣದೆಂದು ಮೇಷ್ಟ್ರಿಗೆ ಗೊತ್ತಿತ್ತು, ಅದು ಅಂಗಡಿ ಇದ್ದಾಗಲೇ ಶುರುವಾದದ್ದು ಗೊತ್ತೇ ಇರಲಿಲ್ಲ. ಬೆನ್ನುನೋವು, ಕೂರಲಾಗುವುದಿಲ್ಲ, ಅದಕ್ಕೇ ಅಂಗಡಿ ಮುಚ್ಚಿದೆ ಎಂದು ಭಾವ ಹೇಳಿದ್ದನ್ನು ನಂಬಿಕೊಂಡಿದ್ದರು. ಅದೇ ಅಂಗಡಿಯಲ್ಲಿ ತಾವೂ ಒಂದು ಕನ್ನಡಕ ಮಾಡಿಸಿ, ವರ್ಷವಿಡೀ ತಲೆನೋವೆಂದು ಗೊಣಗಿ, “ಭಾವನಿಗೆ ಕೆಲಸದ ಮೇಲೆ ಗಮನವೇ ಇಲ್ಲ” ಎಂದು ಅಕ್ಕನ ಮುಂದೆ ಮೂಗು ಮುರಿದಿದ್ದು ನೆನಪಾಯಿತು. ಮುಖ ಸಡಿಲಾಯಿತು. ಕಣ್ಣೊರೆಸಿಕೊಂಡರು. ಅಷ್ಟು ದಿನಗಳಲ್ಲಿ ಆ ಕುರ್ಚಿಯಲ್ಲಿ ಕೂತು ಅವರು ಕಣ್ಣೊರೆಸಿಕೊಂಡದ್ದು ಅದೊಂದೇ ಸಲ.

ಆ ಕೋಣೆಯಲ್ಲಿ ನಡೆಯುವುದೆಲ್ಲ ವಿಡಿಯೋ ಆಗುತ್ತದೆ, ವಿದ್ಯಾರ್ಥಿಗಳು ತಮ್ಮ ತಪ್ಪು ತಾವೇ ನೋಡಿಕೊಳ್ಳಲಿ ಎಂದು. ಮಾಲೀಕ ಮಾತ್ರ ವಿದ್ಯಾರ್ಥಿಗಳನ್ನು ನೋಡುತ್ತಿರಲಿಲ್ಲ, ಮೇಷ್ಟ್ರ ಮುಖ ನೋಡುತ್ತಿದ್ದ. ಯಾವ ಕಥೆಗೆ ಅದು ಕರಗುತ್ತದೋ ಆ ಕಥೆ ಓಡುತ್ತದೆ ಎನ್ನುವುದು ಅವನ ಲೆಕ್ಕಾಚಾರ. ಇದು ಮೇಷ್ಟ್ರಿಗೆ ತಿಳಿದದ್ದು ತಡವಾಗಿ.

ಹೇಗೆ ತಿಳಿಯಿತೆಂದರೆ, ಅಕ್ಕನ ಮಗಳ ಸಂದರ್ಶನಕ್ಕೆ ಹಿಂದಿನ ದಿನ ಮಧ್ಯಾಹ್ನ ಟೈಲ್ಸ್ ಹುಡುಗ ಕುಣಿಯುತ್ತ ಸೆಂಟರಿಗೆ ಬಂದ. ಊರಿನ ಅರ್ಧ ಬಚ್ಚಲುಗಳಿಗೆ ಟೈಲ್ಸ್ ಮಾರಿದವನ ಮಗ ಎಂದು ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಅದೇ ಸ್ಕೂಲಿನಲ್ಲಿ ಆ ಬೆಳಗ್ಗೆ ಅವನ ಸಂದರ್ಶನ ಮುಗಿದಿತ್ತು.

“ಸರ್, ಸೂಪರ್! ಸೋಲಿನ ಪ್ರಶ್ನೆ ಬಂದೇಬಂತು. ನಮ್ಮ ತಾತನ ಕನ್ನಡಕದ ಅಂಗಡಿ ಕಥೆ ಬಿಟ್ಟೆ ನೋಡಿ, ಪ್ಯಾನೆಲ್‌ನಲ್ಲಿದ್ದ ದೊಡ್ಡ ಮೇಡಂ ಪೆನ್ನು ಕೆಳಗಿಟ್ಟುಬಿಟ್ರು!”

“ಯಾವ ಅಂಗಡಿ?” ಎಂದರು ಮೇಷ್ಟ್ರು.

“ಅದೇ ಸರ್, ತಾತನಿಗೆ ಕಣ್ಣು ಕಾಣಲ್ಲ, ನಾನು ನಂಬರ್ ಓದ್ತೀನಿ, ಬಸ್ ಡ್ರೈವರ್...” ಎಂದವನು, ಇವರ ಮುಖ ನೋಡಿ, ಅದು ಎಂದಿನ ಮುಖವೇ ಅಂದುಕೊಂಡು ಹಲ್ಲು ಕಿರಿದ.

ಮೇಷ್ಟ್ರು ನೇರ ಮಾಲೀಕನ ಕೋಣೆಗೆ ನುಗ್ಗಿದರು. ಅವನು ನಾಲಿಗೆ ಕಚ್ಚಿಕೊಂಡ. ನಾಚಿಕೆಯಿಂದಲ್ಲ, ಇಬ್ಬರಿಗೂ ಒಂದೇ ಸ್ಕೂಲು ಎನ್ನುವುದನ್ನು ಗಮನಿಸದೆ ಹೋದೆನಲ್ಲ ಎಂದು.

“ಅವನದ್ದು ಬೇರೆ ಸ್ಕೂಲು ಅಂದ್ಕೊಂಡಿದ್ದೆ ಸರ್, ಎಡವಟ್ಟಾಯ್ತು. ಅದೇ ಪ್ಯಾನೆಲ್ ನಾಳೆನೂ ಕೂರತ್ತೆ. ನೀವು ಟೆನ್ಷನ್ ಮಾಡ್ಕೋಬೇಡಿ, ಆ ಹುಡುಗಿಗೆ ಬೇರೆ ಕೊಡೋಣ. ಪ್ರವಾಹದ್ದು ಒಂದಿದೆ, ಇನ್ನೂ ಯಾರೂ ಮುಟ್ಟಿಲ್ಲ.”

“ಅದು ಅವಳ ಅಪ್ಪನ ಬದುಕು ಕಣಯ್ಯಾ! ನನ್ನ ಭಾವ!”

“ಅದಕ್ಕೇ ಸರ್ ಅಷ್ಟು ಚೆನ್ನಾಗಿತ್ತು,” ಎಂದ ಮಾಲೀಕ, ಮನಸ್ಸಿನಿಂದಲೇ.

ಸ್ಕೂಲಿಗೆ ಹೋಗಿ ಎಲ್ಲ ಹೇಳುತ್ತೇನೆ ಎಂದು ಮೇಷ್ಟ್ರು ಮೇಜು ಗುದ್ದಿದರು. ಮಾಲೀಕ ಸಿಟ್ಟಾಗಲಿಲ್ಲ. “ಹೇಳಿ ಸರ್. ಇಬ್ರೂ ಒಂದೇ ಸೆಂಟರಿನವರು, ಇಬ್ರದೂ ಒಂದೇ ಕಥೆ. ಅವರು ಇಬ್ರನ್ನೂ ಹೊರಗೆ ಹಾಕ್ತಾರೆ. ನಿಮಗೆ ಸಮಾಧಾನ ಆಗತ್ತೆ, ಹುಡುಗಿಗೆ?” ಎಂದ. ಆ ಮಾತಿನಲ್ಲಿ ತಪ್ಪು ಹುಡುಕಲು ಮೇಷ್ಟ್ರಿಗೆ ಆಗಲಿಲ್ಲ. ಅದಕ್ಕೇ ಇನ್ನಷ್ಟು ಮೈ ಉರಿಯಿತು.

ಸಂಜೆ ಅಕ್ಕನ ಮನೆಗೆ ಹೋದರು. ಹಜಾರದಲ್ಲಿ ಭಾವ ಮಗಳ ಬೂಟಿಗೆ ಪಾಲಿಶ್ ಹಾಕುತ್ತ ಕೂತಿದ್ದರು. ಹೊಳಪು ಬಂದಿದೆಯೋ ಇಲ್ಲವೋ ಎಂದು ಬೆರಳಿನಿಂದಲೇ ಸವರಿ ನೋಡುತ್ತಿದ್ದರು. “ಬಂದ್ಯಾ? ನಾಳೆಗೆ ಇವಳು ರೆಡಿ. ನನ್ನ ಮಾನ ಮರ್ಯಾದೆ ಎಲ್ಲಾ ಕಟ್ಟಿ ಕೈಗೆ ಕೊಟ್ಟಿದ್ದೀನಿ!” ಎಂದು ನಕ್ಕರು. ಮೇಷ್ಟ್ರಿಗೆ ನಗಲಾಗಲಿಲ್ಲ. ಅಕ್ಕನ ಮಗಳನ್ನು ಬಟ್ಟೆ ಒಣಹಾಕುವ ಹಿಂಬದಿಗೆ ಕರೆದುಕೊಂಡು ಹೋಗಿ, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು.

ಅವಳು ಹಗ್ಗದ ಮೇಲಿನ ಕ್ಲಿಪ್ಪೊಂದನ್ನು ತೆಗೆದು ಮತ್ತೆ ಹಾಕಿದಳು. “ಅಂದ್ರೆ ನಾಳೆ ನಾನು ಹೇಳಿದ್ರೆ, ಕದ್ದೋಳು ನಾನಾಗ್ತೀನಿ,” ಎಂದಳು.

ಅವಳಿಗೆ ಏನಾದರೂ ದಾರಿ ತೋರಿಸಲೇಬೇಕೆಂದು ಮೇಷ್ಟ್ರ ತಲೆ ಓಡತೊಡಗಿತು. ಕಾರ್ಖಾನೆಯಲ್ಲೂ ಸೆಂಟರಿನಲ್ಲೂ ಪಳಗಿದ ತಲೆ. ಥಟ್ಟನೆ ಹೊಳೆಯಿತು. “ಒಂದು ಕೆಲಸ ಮಾಡೋಣ. ಭಾವನ್ನೂ ಕರ್ಕೊಂಡು ಹೋಗೋಣ. ಬಾಗಿಲ ಹತ್ರಾನೇ ಕೂರ್ಸೋಣ. ಕೈಯಲ್ಲಿ ಕೋಲಿದ್ರೆ ಇನ್ನೂ ಒಳ್ಳೇದು. ನೀನು ಕಥೆ ಹೇಳಿ, ‘ನಮ್ಮಪ್ಪ ಹೊರಗೇ ಇದಾರೆ’ ಅಂತ ಒಂದು ಮಾತು ಅಂದ್ಬಿಡು. ಅವರು ಎದ್ದು ಬಂದು ನೋಡ್ತಾರೆ. ಆಗ ಆ ಟೈಲ್ಸ್ ಹುಡುಗ ಎಲ್ಲಿ, ನೀನೆಲ್ಲಿ!”

ಅವಳು ತಲೆಯೆತ್ತಿ ನೋಡಿದಳು. ಊರಿಗೆಲ್ಲ ಮುಖ ಸಿಂಡರಿಸಿಕೊಂಡು ಬದುಕಿದವರನ್ನು ಮೊದಲ ಸಲ ಇನ್ನೊಬ್ಬರು ಅದೇ ಮುಖ ಮಾಡಿ ನೋಡಿದ್ದು.

“ಅಪ್ಪನಿಗೆ ಕೋಲು ಇಲ್ಲ ಮಾಮ,” ಎಂದಳು. “ನೀವು ಒಂದನ್ನ ತರ್ತಿದ್ರಾ?”

ಮೇಷ್ಟ್ರು ಹಗ್ಗದ ಮೇಲಿನ ಬಟ್ಟೆ ಸರಿಸಿಕೊಂಡು ಹಜಾರಕ್ಕೆ ವಾಪಸಾದರು. ಬಾಯೆಲ್ಲ ಕಹಿಯಾಯಿತು. ಸೆಂಟರಿನ ಆ ನಿಂಬೆ ವಾಸನೆ ತಮ್ಮ ಅಂಗಿಯಿಂದಲೇ ಬರುತ್ತಿದೆ ಎನಿಸಿ, ಅಕ್ಕ ತಂದಿಟ್ಟ ಚಹಾವನ್ನೂ ಕುಡಿಯದೆ ಹೊರಟರು. ಜೀವಮಾನವಿಡೀ ಬೇರೆಯವರನ್ನು ಕಂಡು ಹೇಸಿದ್ದರು. ತಮ್ಮನ್ನು ಕಂಡೇ ಹೇಸಿಗೆಯಾಗುವುದು ಹೇಗಿರುತ್ತದೆಂದು ಅವತ್ತು ದಾರಿಯುದ್ದಕ್ಕೂ ಗೊತ್ತಾಯಿತು.

ಮರುದಿನ ಕರೆಯದಿದ್ದರೂ ಸ್ಕೂಲಿಗೆ ಹೋಗಿ ಹೊರಗಿನ ಕಲ್ಲುಬೆಂಚಿನ ಮೇಲೆ ಕಾದರು. ಅವಳು ಬೇಗನೆ ಹೊರಗೆ ಬಂದಳು. ಇವರನ್ನು ಕಂಡು ಬೇಸರವನ್ನೂ ತೋರಿಸಲಿಲ್ಲ, ಪಕ್ಕದಲ್ಲಿ ಕೂತು ಬೂಟಿನ ದಾರ ಸಡಿಲಿಸಿದಳು.

“ಆ ಪ್ರಶ್ನೆ ಕೇಳಿದ್ರಾ?” ಎಂದರು ಮೇಷ್ಟ್ರು.

“ಕೇಳಿದ್ರು. ಒಂದು ಸೋಲಿದೆ, ಅದು ನಮ್ಮನೇದು, ಇಲ್ಲಿ ಹೇಳಲ್ಲ ಅಂದೆ.”

“ಅಷ್ಟೇನಾ?”

“ಸೋಲನ್ನ ಒಪ್ಪಿಕೊಳ್ಳೋ ಧೈರ್ಯ ಇಲ್ಲದವರು ನಾಳೆ ಜನರನ್ನ ಹೇಗೆ ನಡೆಸ್ತೀರಿ ಅಂತ ಆ ದೊಡ್ಡ ಮೇಡಂ ಕೇಳಿದ್ರು. ನಿನ್ನೆ ಒಬ್ಬ ಹುಡುಗ ಎಷ್ಟು ಧೈರ್ಯವಾಗಿ ಹೇಳಿದ ಗೊತ್ತಾ ಅಂದ್ರು. ಆಮೇಲೆ ಫೈಲ್ ಮುಚ್ಚಿದ್ರು.” ಅವಳು ಎದ್ದಳು. “ಮನೆಗೆ ಬನ್ನಿ ಮಾಮ. ಅಪ್ಪನ ಹತ್ರ ನಾನು ಏನು ಹೇಳಿದ್ರೂ ನೀವು ಬಾಯಿ ಹಾಕ್ಬೇಡಿ.”

ಭಾವ ಬೆಳಗ್ಗೆಯೇ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಸಂದರ್ಶನ ಅವರಿಗೇ ಇದ್ದ ಹಾಗೆ. ಹೆಜ್ಜೆ ಸಪ್ಪಳ ಕೇಳಿದ ಕೂಡಲೇ, “ಹೇಳಿದ್ಯಾ?” ಎಂದರು.

“ಎಲ್ಲಾ ಹೇಳ್ದೆ ಅಪ್ಪ.”

“ಡ್ರೈವರ್ ವಿಷಯ?”

“ಅದೂ ಹೇಳ್ದೆ.”

“ನಗಲಿಲ್ಲ ತಾನೆ?”

“ಇಲ್ಲಪ್ಪ. ತುಂಬ ಗೌರವದಿಂದ ಕೇಳಿದ್ರು,” ಎಂದು ಹೇಳಿ ಅವಳು ಬಟ್ಟೆ ಬದಲಿಸಲು ಒಳಗೆ ಹೋದಳು.

ಭಾವ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಮೇಷ್ಟ್ರು ಎಷ್ಟೋ ಕಾಲದಿಂದ ಕಂಡಿರಲಿಲ್ಲ. “ಯಾರಿಗೂ ಗೊತ್ತಾಗಬಾರದು ಅಂತ ಎಷ್ಟು ಒದ್ದಾಡಿದ್ನೋ ಏನೋ. ಹೋಗ್ಲಿ, ಕೊನೆಗೆ ಮಗಳಿಗಾದ್ರೂ ಉಪಯೋಗಕ್ಕೆ ಬಂತಲ್ಲ,” ಎಂದರು. ಆಮೇಲೆ ಕೈ ಚಾಚಿ, ತಡಕಾಡಿ, ಮೇಷ್ಟ್ರ ಮೊಣಕೈ ಹಿಡಿದುಕೊಂಡರು. “ಇಂಥ ನೂರಾರು ಮಕ್ಕಳನ್ನ ನೋಡಿದೋನು ನೀನು. ಸುಳ್ಳು ಹೇಳ್ಬೇಡ. ಈ ಕಥೆ ಕೇಳಿದ ಮೇಲೆ ಯಾರಾದ್ರೂ ಸೀಟು ಇಲ್ಲ ಅಂತಾರಾ?”

ಮೇಷ್ಟ್ರು ಒಳಬಾಗಿಲ ಕಡೆ ನೋಡಿದರು. ಅವಳು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು.

“ಇಲ್ಲ ಭಾವ,” ಎಂದರು. “ಈ ಕಥೆಗೆ ಸೀಟು ಸಿಕ್ಕೇ ಸಿಗತ್ತೆ.”

ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.