ಗಿಣ್ಣು ಚೆಲ್ಲಿದ ಚೊರೊಬೆಕ್

ರಕ್ತ, ತಳಿ ಎಂದು ಚೊರೊಬೆಕ್‌ನಷ್ಟು ಬಾಯಿ ಬಡಿದುಕೊಂಡವರು ನಮ್ಮ ಜುಮ್ಗಾಲ್ ಕಣಿವೆಯಲ್ಲಿ ಇನ್ನೊಬ್ಬರಿಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ಕುರ್ಚಿ ಬೆಚ್ಚಗೆ ಮಾಡಿ, ನಿವೃತ್ತನಾಗಿ ಊರಿಗೆ ಬಂದವನು ಏಕಾಏಕಿ ಕುರಿಪಂಡಿತನಾದ. ದೂರದಿಂದ ಟಗರೊಂದನ್ನು ತರಿಸಿದ. ಅದರ ವಂಶಾವಳಿಯ ಕಾಗದಕ್ಕೆ ಚೌಕಟ್ಟು ಹಾಕಿಸಿ, ಅಪ್ಪನ ಫೋಟೊ ಇಳಿಸಿ, ಅದೇ ಮೊಳೆಗೆ ನೇತುಹಾಕಿದ.

ಅವನ ಅಣ್ಣನ ಹೆಂಡತಿ ಜೂರಕಾನ್, ವಿಧವೆ, ಪಕ್ಕದ ಹುಲ್ಲುಗಾವಲಿನಲ್ಲೇ ಕುರಿ ಮೇಯಿಸುತ್ತಿದ್ದಳು. ಅವಳ ಕುರಿಗಳು ಹೊಟ್ಟೆ ಕೆಟ್ಟಾಗ ಕಲ್ಲುಗುಡ್ಡ ಹತ್ತಿ, ಶಿಬಾಕ್ ಎಂಬ ಕಹಿ ಗಿಡ ಮೇಯುತ್ತಿದ್ದವು. ಮರಿಗಳು ತಾಯಿಯ ಬಾಯಿ ಮೂಸಿ, ಮುಖ ಸಿಂಡರಿಸಿ, ತಾವೂ ತಿನ್ನುತ್ತಿದ್ದವು.

"ಅತ್ತಿಗೆ, ಕತ್ತೇನೂ ಮುಟ್ಟದ್ದನ್ನ ನಿಮ್ಮ ಕುರಿ ತಿಂತಾವಲ್ಲ!"

"ನಿನ್ನ ಮರಿಗೆ ಹುಳ ಬಿದ್ರೆ ಏನು ಕೊಡ್ತೀಯಪ್ಪಾ? ಗೋಡೆ ಮೇಲಿನ ಕಾಗದಾನಾ?"

ವಸಂತದಲ್ಲಿ ಅವನ ನಾಟಿ ಕುರಿಗಳಿಗೆ ಆ ಟಗರಿನ ನಲವತ್ತು ಮರಿಗಳು ಹುಟ್ಟಿದವು. ನಾಟಿ ಕುರಿಗಳ ಕೊಳಕು ಬುದ್ಧಿ ಅಂಟಬಾರದೆಂದು ಈ ಮಹಾಶಯ ಅವನ್ನು ಎದ್ದು ನಿಲ್ಲುವ ಮೊದಲೇ ತಾಯಿಯಿಂದ ಬಿಡಿಸಿದ. ಗಿಣ್ಣುಹಾಲು ನಾಯಿಗಳ ಪಾಲಾಯಿತು. ಮರಿಗಳಿಗೆ ಸೀಸೆಯಲ್ಲಿ ಪುಡಿಹಾಲು. ಹೆರಿಗೆಯಲ್ಲಿ ತಾಯಿ ಸತ್ತ ಒಂದು ಮರಿ ತಣ್ಣಗೆ ಬಿದ್ದಿತ್ತು. "ಇದು ಹೋಯ್ತು" ಎಂದು ಬೇಲಿಯಾಚೆ ಎಸೆದ.

ಅದನ್ನು ಎತ್ತಿಕೊಂಡವಳು ಜೂರಕಾನ್. ಅವಳ ಮುದಿ ಕುರಿಯ ಮರಿ ಅದೇ ಬೆಳಿಗ್ಗೆ ಸತ್ತಿತ್ತು. ಅದರ ಚರ್ಮ ಸುಲಿದು ಈ ಅನಾಥಕ್ಕೆ ಹೊದಿಸಿದಳು. ಕುರಿ ಮೂಸಿ ನೋಡಿ, ತನ್ನದೇ ಮರಿಯೆಂದು ಗಿಣ್ಣು ಕುಡಿಯಲು ಬಿಟ್ಟಿತು.

ಬೇಸಿಗೆಯಲ್ಲಿ ಹೊಟ್ಟೆಹುಳ ಬಂತು. ಚೊರೊಬೆಕ್‌ನ ಮರಿಗಳ ವಸಡು ಬಿಳಿಚಿ, ದವಡೆ ಊದಿಕೊಂಡಿತು. ಶಿಬಾಕ್ ಪಕ್ಕದ ಗುಡ್ಡದಲ್ಲೇ ಇತ್ತು. ಅದನ್ನು ತಿನ್ನಬೇಕೆಂದು ಅವಕ್ಕೆ ಕಲಿಸಿದವರಾರು? ಇವನು ಔಷಧಿ ಸುರಿದ. ಹುಳ ಉದುರಿದವು. ಆ ಖುಷಿಯಲ್ಲಿ ವಾರವಾರವೂ ಸುರಿದ. ಮರುವರ್ಷ, ಬದುಕುಳಿದ ಹುಳಗಳ ಸಂತಾನ ಆ ಔಷಧಿಯನ್ನೇ ಕುದುರೆಹಾಲಿನ ಕುಮಿಸ್‌ನಂತೆ ಕುಡಿದು ಕೊಬ್ಬಿತು. ಅರ್ಧಕ್ಕೂ ಹೆಚ್ಚು ಹಿಂಡು ಮಣ್ಣು ಸೇರಿತು.

ಅವನು ಸಾಕಿ ಬೆಳೆಸಿದ ಆ ಹುಳಗಳು ಜೂರಕಾನ್‌ಳ ಹುಲ್ಲಿಗೂ ಹರಡಿದವು. ಅವಳ ಮೂರು ಮರಿ ಸತ್ತವು. ಆ ಸಿಟ್ಟಿಗೆ ಅವಳು ಒಂದು ತಿಂಗಳು ಅವನ ಮುಖ ನೋಡಲಿಲ್ಲ. ಆದರೆ ಅವಳ ಕುರಿಗಳು ಆ ವರ್ಷ ಶಿಬಾಕ್ ಮೇಯುತ್ತ ಕಲ್ಲುಗುಡ್ಡದಲ್ಲಿ ಹೆಚ್ಚು ದಿನ ನಿಂತವು. ಮರಿಗಳೂ ಅಷ್ಟೇ ದಿನ ನಿಲ್ಲುವುದನ್ನು ಕಲಿತವು.

ಶರತ್ಕಾಲದಲ್ಲಿ ಹಿಂಡುಗಳು ಬೆಟ್ಟದಿಂದ ಊರಿಗೆ ಇಳಿಯುವಾಗ, ಅವಳ ಹಿಂಡಿನಲ್ಲಿ ಎತ್ತರದ, ಮಿರಿಮಿರಿ ಮಿಂಚುವ ಹೆಣ್ಣುಕುರಿಯೊಂದನ್ನು ಕಂಡು ಚೊರೊಬೆಕ್ ನಿಂತುಬಿಟ್ಟ.

"ಇದು ಎಲ್ಲಿಂದ ಬಂತು ಅತ್ತಿಗೆ?"

"ನೀನು ಬೇಲಿಯಾಚೆ ಎಸೆದದ್ದು."

ನಾಚಿಕೆಯಿಂದ ತಲೆ ತಗ್ಗಿಸುತ್ತಾನೆಂದು ನಾವೆಲ್ಲ ಕಾದೆವು. ಅವನು ಎದೆಯುಬ್ಬಿಸಿ ನಮ್ಮತ್ತ ತಿರುಗಿದ. "ನೋಡಿದ್ರಾ? ರಕ್ತ ಅಂದ್ರೆ ಇದು!"

"ಸತ್ತ ನಿನ್ನ ಮರಿಗಳ ಮೈಯಲ್ಲಿ ಏನು ಹರೀತಿತ್ತೋ, ಚಹಾನಾ?" ಎಂದಳು ಜೂರಕಾನ್.

ಕುದುರೆಯ ಮೇಲಿದ್ದವರೂ ಬಿದ್ದು ಬಿದ್ದು ನಕ್ಕರು.

ಈಗ ಅವನು ಮರಿಗಳನ್ನು ತಾಯಿಯ ಬಳಿಯೇ ಬಿಡುತ್ತಾನೆ. ಬೇಸಿಗೆಗೆ ತಾಯಿ-ಮರಿಗಳನ್ನು ಹೆಂಡತಿಯ ಕೈಯಲ್ಲಿ ಜೂರಕಾನ್‌ಳ ಹಿಂಡಿಗೆ ಸೇರಿಸುತ್ತಾನೆ. ತಾನೇ ಬಂದು ಕೇಳುವಷ್ಟು ಬೆನ್ನು ಬಾಗುವುದಿಲ್ಲ. ಮದುವೆಮನೆಗಳಲ್ಲಿ ಮಾತ್ರ ಇದು ತಾನು ಕಂಡುಹಿಡಿದ ಹೊಸ ವಿಧಾನವೆಂದು ಭಾಷಣ ಬಿಗಿಯುತ್ತಾನೆ. ಜೂರಕಾನ್ ಎದುರಿಗೇ ಕೂತು ಮಾಂಸ ಅಗಿಯುತ್ತಾ, ಆಕಳಿಸುತ್ತಾಳೆ.