ಎಡಕ್ಕೆ ಹರಿದ ಕಾಲುವೆ

೧೯೫೮ರ ಮಾಘ ಮಾಸ, ಭಾನುವಾರ, ಬೆಳಗ್ಗೆ ಎಂಟು ಗಂಟೆ. ಸೊರಬದ ನಾಟಕದ ಚಪ್ಪರದಲ್ಲಿ ಇದ್ದವರು: ಶಿಕಾರಿಪುರದಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ನಾನು, ಪರದೆ ಬರೆಸಿದ, ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಾದ ಇಬ್ಬರು ದಾಯಾದಿಗಳು, ನಾಟಕದ ನಾಲ್ಕಾರು ಜನ.

ಹೊಸ ಪರದೆಯನ್ನು ಬರೆಸಿದವರು ಮೊದಲು ನೋಡಬೇಕು, ಆಮೇಲೆ ಕಾಯಿ ಒಡೆಯಬೇಕು. ಅದು ಅಲ್ಲಿಯ ವಾಡಿಕೆ. ನಾನು ಬರೆದದ್ದು ಯಾವ ಊರಿನದೂ ಅಲ್ಲದ ಕೆರೆ. ಮುಖ್ಯ ವಸ್ತು ನಟ್ಟನಡುವೆ ಬಂದರೆ ಚಿತ್ರ ಸತ್ತಂತೆ ಎಂದು ನನ್ನ ಗುರುಗಳು ಬೆತ್ತ ಹಿಡಿದು ಕಲಿಸಿದ್ದರು. ಅದಕ್ಕೇ ನೀರು ಬಿಡುವ ತೂಬನ್ನು ಎಡಕ್ಕೆ ಸರಿಸಿ, ಕಾಲುವೆಯನ್ನು ಎಡಗಡೆಯ ಗದ್ದೆಗೆ ಬಾಗಿಸಿದ್ದೆ. ಆ ಹಸಿರು ಎದ್ದು ಕಾಣಲೆಂದು ಬಲಗಡೆ ಬರೀ ಹಳದಿ ಮಣ್ಣು ಬಳಿದಿದ್ದೆ.

ಈ ಇಬ್ಬರ ಗದ್ದೆಗಳೂ ಒಂದೇ ಕೆರೆಯ ಕೆಳಗಿದ್ದವು. ಎಡಗಡೆಯದು ತಮ್ಮನದು, ಬಲಗಡೆಯದು ಅಣ್ಣನದು. ನೀರಿನ ಸರದಿ ತಪ್ಪಿ ಅಣ್ಣನ ಪೈರು ಆ ವಾರ ಒಣಗುತ್ತಿತ್ತು. ಇದು ನನಗೆ ತಿಳಿದಿರಲಿಲ್ಲ.

ಪರದೆ ಇಳಿಯಿತು. ಅಣ್ಣ ಹತ್ತಿರ ಹೋಗಿ ಬಲಗಡೆಯ ಹಳದಿಯ ಮೇಲೆ ಬೆರಳಿಟ್ಟ.

"ಎಂತ ಮಾಸ್ತರೇ ಇದು? ನೀರೆಲ್ಲ ಅವನಿಗೇ ಬಿಟ್ಟೀರಲ್ರೀ?"

ತಮ್ಮ ನಕ್ಕ. "ಮಾಸ್ತರಿಗೆ ನ್ಯಾಯ ಗೊತ್ತದೆ ಕಣೋ. ಇವತ್ತು ರಾತ್ರಿ ನಾಟಕಕ್ಕೆ ಬಂದು ಊರೆಲ್ಲ ನೋಡ್ತದೆ, ಇನ್ನು ನಿಂಗೆ ಸಾಕ್ಷಿ ಎಲ್ಲಿ ಸಿಗ್ತದೆ?"

"ನಿನ್ನಪ್ಪ ಕೆರೇಲಿ ಕದ್ದ. ನೀನು ಬಟ್ಟೇಲೂ ಕದೀತೀಯನೋ!"

ತಮ್ಮ ಬಿದಿರ ಗಳ ಕಿತ್ತು ಬೀಸಿದ. ಅಣ್ಣನ ತುಟಿ ಸೀಳಿ, ಎರಡು ಹಲ್ಲು ನೆಲಕ್ಕೆ ಬಿದ್ದವು. ಅಣ್ಣ ಕಾಯಿ ಒಡೆಯಲು ಇಟ್ಟಿದ್ದ ಕತ್ತಿ ತೆಗೆದುಕೊಂಡ. ಮೊದಲ ಏಟಿಗೆ ಪರದೆಯ ಹಸಿರು ಗದ್ದೆ ಹರಿಯಿತು. ಎರಡನೆಯದು ತಮ್ಮನ ಮುಂಗೈಯನ್ನು ಎಲುಬಿನವರೆಗೆ ಕಡಿಯಿತು. ರಕ್ತ ನನ್ನ ಕೆರೆಯ ಮೇಲೆ ಚಿಮ್ಮಿತು. ನಾಟಕದವರು ಗಾಯಕ್ಕೆ ಪಂಚೆ ಬಿಗಿದು, ತಮ್ಮನನ್ನು ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

ಚಪ್ಪರದಲ್ಲಿ ಉಳಿದವರು ನಾವಿಬ್ಬರೇ. ಕತ್ತಿ ಅವನ ಕೈಯಲ್ಲೇ ಇತ್ತು.

"ಬರೀರಿ. ಈ ಕಡೀಗೂ ನೀರು ಬರೀರಿ."

ಸರೇಸಿನ ಅಂಟು ಕಾಯಿಸಿ ಬಣ್ಣ ಕಲಸಿದೆ. ತೂಬನ್ನು ನಡುವೆ ತಂದು, ಕಾಲುವೆಯನ್ನು ಎರಡಾಗಿ ಒಡೆದೆ. ಚಿತ್ರ ತಕ್ಕಡಿಯಂತೆ ನಿಂತುಬಿಟ್ಟಿತು. ಕಣ್ಣಿಗೆ ಹೋಗಲು ದಾರಿಯೇ ಇಲ್ಲ. ಅವನು ಮಾತ್ರ ನೀರು ಕಂಡಂತೆ ನಿಟ್ಟುಸಿರು ಬಿಟ್ಟ.

"ಈಗ ಚೆಂದ ಆತು," ಎಂದ. ಬಾಯಿಂದ ರಕ್ತ ಸುರಿಯುತ್ತಿತ್ತು. "ಪೈರಿಗೆ ಹಸಿರು ಹಚ್ಚಿ. ಒಣಗಿ ಹೋಗ್ತದೆ."

ಹಚ್ಚುತ್ತಿರುವಾಗಲೇ ಪೊಲೀಸರು ಬಂದರು. ಅಣ್ಣ ಕತ್ತಿ ಕೆಳಗಿಟ್ಟು, ಪರದೆಯನ್ನೇ ತಿರುತಿರುಗಿ ನೋಡುತ್ತ ಅವರ ಜೊತೆ ನಡೆದ. ಆ ರಾತ್ರಿ ನಾಟಕ ಆಗಲಿಲ್ಲ. ಆದರೂ ಬಲಗಡೆಯ ಗದ್ದೆಯನ್ನು ಮೂಲೆಯವರೆಗೆ ಹಸಿರು ಮಾಡಿ ಮುಗಿಸಿ, ಕುಂಚ ತೊಳೆದಿಟ್ಟೆ.