ಹಳದಿ ನೂಲಿನ ಡಬ್ಬಿ

ಬೇಡ ಎನ್ನುವ ಮಾತನ್ನು ವಿಮಲಕ್ಕನಷ್ಟು ಚಂದವಾಗಿ ಹೇಳುವವರನ್ನು ನಾನು ಬೇರೆ ನೋಡಿಲ್ಲ. ಮದುವೆ ಮನೆಯಲ್ಲೋ ಗೃಹಪ್ರವೇಶದಲ್ಲೋ ಕತ್ತಲಾದ ಮೇಲೆ ಯಾರಾದರೂ ಪಾಯಸದ ಲೋಟ ಹಿಡಿದು ಬಂದರೆ ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, "ಪರಿಮಳಕ್ಕೇ ಹೊಟ್ಟೆ ತುಂಬಿತು ನೋಡಿ" ಎಂದು ನಗುತ್ತಾ ಹಿಂದಕ್ಕೆ ಕೊಡುತ್ತಿದ್ದರು. ಕೊಟ್ಟವರು ಆಶೀರ್ವಾದ ಪಡೆದವರ ಹಾಗೆ ಹೋಗುತ್ತಿದ್ದರು. ತಮ್ಮ ಪಾಯಸ ಹಾಗೆಯೇ ವಾಪಸು ಬಂದಿದೆ ಎನ್ನುವುದು ಅವರ ತಲೆಗೆ ಹೋಗುತ್ತಿತ್ತೋ ಇಲ್ಲವೋ.

ವಿಮಲಕ್ಕ ಮೂಡುಬಿದಿರೆಯ ಜೈನ ಮನೆತನದಲ್ಲಿ ಹುಟ್ಟಿ ಪುಂಜಾಲಕಟ್ಟೆಗೆ ಮದುವೆಯಾಗಿ ಬಂದವರು. ನಾವು ಬಂಟರು, ಅವರ ಪಕ್ಕದ ಮನೆ. ನಮ್ಮ ಕೋಳಿ ಸಾರಿನ ವಾಸನೆ ಅವರ ಜಗಲಿಗೆ ಹೋಗುತ್ತಿತ್ತು, ಅವರು ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಗೆಣಸು ಯಾವುದೂ ಅವರಿಗೆ ಆಗದು. ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಇಲ್ಲ. ಸಕ್ಕರೆ ಕಾಯಿಲೆಗೆಂದು ಡಾಕ್ಟರು ಹೇಳಿದ ಚಪಾತಿಯನ್ನು ಬಿಸಿಲಿರುವಾಗಲೇ ತಿಂದು ಮುಗಿಸುತ್ತಿದ್ದರು. ಇಷ್ಟೆಲ್ಲ ಬಿಟ್ಟರೂ ಊರಿನಲ್ಲಿ ಯಾರೂ ಅವರಿಗೆ, "ಒಂದು ಚೂರು ತಿಂದ್ರೆ ಎಂತ ಆಗ್ತದೆ?" ಎಂದು ಕೇಳಿದ್ದಿಲ್ಲ. ಆ ಪ್ರಶ್ನೆಯನ್ನು ಊರು ನನ್ನ ಮಗನಿಗೆಂದು ತೆಗೆದಿಟ್ಟಿತ್ತು.

ನನ್ನ ಮಗ ನಿಹಾಲನಿಗೆ ಗೋಧಿ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಸೇರುವುದಿಲ್ಲ ಎಂದಲ್ಲ, ಬಹಳ ಇಷ್ಟ ಅವನಿಗೆ. ತಿಂದರೆ ಒಳಗಿನ ಕರುಳು ಹಾಳಾಗುತ್ತದೆ, ತಿಂದ ಬೇರೆ ಅನ್ನವೂ ಮೈಗೆ ಹತ್ತುವುದಿಲ್ಲ. ಶಾಲೆಗೆ ಸೇರುವ ಹೊತ್ತಿಗೆ ಅವನ ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾಗಿತ್ತು. ಮಂಗಳೂರಿನ ಡಾಕ್ಟರು ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿ, ಇದು ಸೀಲಿಯಾಕ್ ಎಂಬ ಕಾಯಿಲೆ, ಇದಕ್ಕೆ ಮದ್ದಿಲ್ಲ, ಗೋಧಿ, ಮೈದಾ, ರವೆ ಬಿಡುವುದೇ ಮದ್ದು, ಜೀವಮಾನವಿಡೀ, ಒಂದು ಚೂರೂ ಕೂಡದು ಎಂದರು. ಅದನ್ನು ನಾನು ಬಂದು ಊರಿನಲ್ಲಿ ಹೇಳಿದರೆ ಎಲ್ಲರೂ ನಕ್ಕರು. ಚಪಾತಿ ತಿಂದು ಸತ್ತವರುಂಟಾ ಎಂದರು. ದುಬೈಯಲ್ಲಿ ಗಂಡ ದುಡಿಯುವಾಗ ಹೆಂಗಸರಿಗೆ ಹೊಸ ಹೊಸ ಕಾಯಿಲೆ ಸಿಗುತ್ತದೆ ಎಂದದ್ದೂ ನನ್ನ ಕಿವಿಗೆ ಬಿತ್ತು. ನಮ್ಮಲ್ಲಿ ಪ್ರೀತಿ ಎಂದರೆ ತಿನ್ನಿಸುವುದು. ತಿನ್ನುವುದಿಲ್ಲ ಎಂದವನು ಒಂದೋ ಅಹಂಕಾರಿ, ಇಲ್ಲವೇ ತಾಯಿ ಸರಿ ಇಲ್ಲದವನು.

ನಗದೆ ಕೇಳಿದವರು ವಿಮಲಕ್ಕ ಒಬ್ಬರೇ. "ಬಿಡುವುದು ಕಷ್ಟ ಅಲ್ಲ ಶೈಲಾ," ಎಂದರು. "ಬಿಟ್ಟದ್ದನ್ನು ಬೇರೆಯವರಿಂದ ಕಾಪಾಡುವುದು ಕಷ್ಟ. ನಾನು ಹುಟ್ಟಿದಾಗಿಂದ ಅದನ್ನೇ ಮಾಡ್ತಾ ಇದ್ದೇನೆ."

ಅಂದಿನಿಂದ ನಿಹಾಲನ ಬುತ್ತಿ ಎರಡು ಮನೆಯ ಕೆಲಸವಾಯಿತು. ಅಕ್ಕಿ ಉಂಡೆ ಕಟ್ಟಿ ಬೇಯಿಸುವ ಪುಂಡಿ, ನೀರುದೋಸೆ, ಅಕ್ಕಿ ಸೇಮಿಗೆ, ಕಡುಬು ನನ್ನದು. ಸಾರು, ಪಲ್ಯ ಅವರದು. ತಮ್ಮ ಚಪಾತಿಯ ಹಿಟ್ಟನ್ನು ಅವರು ನಿಹಾಲ ಅಂಗಳದಲ್ಲಿಲ್ಲದ ಹೊತ್ತು ನೋಡಿ ಕಲಸುತ್ತಿದ್ದರು. ಅದಕ್ಕೆ ಬೇರೆ ಕಾವಲಿ, ಬೇರೆ ಮಣೆ. ಆಮೇಲೆ ಮೊಣಕೈವರೆಗೆ ಕೈ ತೊಳೆಯುತ್ತಿದ್ದರು. ಯಾರಾದರೂ ನೋಡಿದರೆ ಗೋಧಿಗೇ ಸೂತಕ ಬಂದಿದೆ ಎಂದುಕೊಳ್ಳಬೇಕು.

ಆದರೂ ಹುಡುಗನ ಹೊಟ್ಟೆನೋವು ನಿಲ್ಲಲಿಲ್ಲ. ನಾನು ಶಾಲೆಯವರ ಮೇಲೆ ಹಾರಾಡಿದೆ, ಅವನ ಬ್ಯಾಗು ಜಾಲಾಡಿದೆ. ಕೊನೆಗೆ ಡಾಕ್ಟರು, ಸಾರಿಗೆ ಏನು ಹಾಕುತ್ತೀರಿ ಎಂದು ಒಂದೊಂದಾಗಿ ಕೇಳುತ್ತಾ ಹೋಗಿ ಇಂಗಿನ ಹತ್ತಿರ ನಿಂತರು. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರಂತೆ. ಬೆಳ್ಳುಳ್ಳಿ ಇಲ್ಲದ ವಿಮಲಕ್ಕನ ಅಡುಗೆಗೆ ಇಂಗೇ ಜೀವ. ಮಗುವಿಗೆ ಒಳ್ಳೆಯದಾಗಲಿ ಎಂದು ಒಂದು ಚಿಟಿಕೆ ಹೆಚ್ಚೇ ಹಾಕುತ್ತಿದ್ದರು. ನಾನು ಬಂದು ಹೇಳಿದಾಗ ಅವರು ಸೀದಾ ಒಳಗೆ ಹೋದರು. ಇಂಗಿನ ಡಬ್ಬಿ ತಂದು ತೆಂಗಿನ ಬುಡಕ್ಕೆ ಸುರಿದರು. "ಇದ್ದ ಒಂದು ರುಚಿಯೂ ಹೋಯ್ತು. ಇನ್ನು ನನ್ನ ಸಾರಿಗೆ ಉಪ್ಪೇ ಗತಿ ಮಾರಾಯ್ತಿ," ಎಂದು ನಕ್ಕರು. ಆಮೇಲೆ ಅವರ ಮನೆಯಲ್ಲಿ ನಾನು ಇಂಗಿನ ವಾಸನೆ ಕಂಡಿಲ್ಲ.

ಮನೆಯದ್ದು ಹೀಗೆ ಸರಿಯಾಯಿತು, ಶಾಲೆಯದ್ದಾಗಲಿಲ್ಲ. ಟೀಚರು ಒಳ್ಳೆಯವರೇ. ಒಳ್ಳೆಯವರಿಂದಲೇ ನಮಗೆ ತೊಂದರೆ. "ಹಂಚಿ ತಿನ್ನಬೇಕು ಮಕ್ಕಳೇ" ಎಂದು ದಿನಾ ಹೇಳಿ, ಇವನ ಪುಂಡಿಯನ್ನು ಅವರಿಗೆ, ಅವರ ಚಪಾತಿಯನ್ನು ಇವನಿಗೆ ಕೊಡಿಸುತ್ತಿದ್ದರು. ಅಡುಗೆಯಾಕೆ, ಪಾಪದ ಮಗು ಎಂದು ರವೆ ಸಜ್ಜಿಗೆ ಬಡಿಸುತ್ತಿದ್ದಳು. ಡಾಕ್ಟರ ಚೀಟಿ ತೋರಿಸಿದರೆ ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: "ಒಂದು ಚೂರು ತಿಂದ್ರೆ ಎಂತ ಆಗ್ತದೆ?"

ಒಂದು ಸಂಜೆ ನಾನು ವಿಮಲಕ್ಕನ ಜಗಲಿಯಲ್ಲಿ ಕುಳಿತು ಅತ್ತೆ. ಅವರು ಪಕ್ಕದಲ್ಲಿ ಬಂದು ಕುಳಿತು, "ಹರಕೆ ಅಂತ ಹೇಳು," ಎಂದರು.

"ಎಂತ?"

"ಕಾಯಿಲೆ ಅಂದ್ರೆ ನಂಬುವುದಿಲ್ಲ. ಹರಕೆ ಅಂದ್ರೆ ಮುಟ್ಟುವುದಿಲ್ಲ. ಮಗುವಿಗೆ ಗೋಧಿ ಬಿಟ್ಟ ಹರಕೆ ಉಂಟು, ಹೊರಗಿನದ್ದು ತಿನ್ಲಿಕ್ಕಿಲ್ಲ ಅಂತ ಹೇಳು."

"ಯಾವ ದೇವರಿಗೆ ಅಂತ ಕೇಳಿದ್ರೆ?"

"ಹೆಸರು ಹೇಳ್ಬೇಡ. ಹೇಳಿದ್ರೆ ಲೆಕ್ಕ ಕೇಳ್ಲಿಕ್ಕೆ ಜನ ಬರ್ತಾರೆ." ಆಮೇಲೆ ತಗ್ಗಿದ ದನಿಯಲ್ಲಿ, "ಸುಳ್ಳು ಹೇಳ್ಬಾರ್ದು ಅಂತ ನನಗೆ ಅಪ್ಪ ಕಲಿಸಿದ್ದು. ನಾನು ನಿನಗೆ ಸುಳ್ಳು ಕಲಿಸ್ತಾ ಇದ್ದೇನೆ ನೋಡು," ಎಂದರು. ಅರಸಿನ ಹಚ್ಚಿದ ನೂಲೊಂದನ್ನು ತಂದು ನಿಹಾಲನ ಸ್ಟೀಲಿನ ಡಬ್ಬಿಯ ಹಿಡಿಗೆ ಅವರೇ ಗಂಟು ಹಾಕಿದರು.

ಮರುದಿನದಿಂದ ಎಲ್ಲ ಬದಲಾಯಿತು. ಮಂಗಳೂರಿನ ದೊಡ್ಡ ಡಾಕ್ಟರಿಗೆ ಆಗದ್ದನ್ನು ಒಂದು ಗೇಣು ನೂಲು ಮಾಡಿತು. ಅಡುಗೆಯಾಕೆ ಅವನ ತಟ್ಟೆಯನ್ನು ಬೇರೆಯೇ ತೊಳೆದಿಟ್ಟಳು. ಟೀಚರು ಅವನ ಡಬ್ಬಿಯನ್ನು ಎತ್ತರದ ಕಪಾಟಿನಲ್ಲಿ ಇರಿಸಿದರು. ಮಕ್ಕಳು ಅದಕ್ಕೆ ದೇವರ ಡಬ್ಬಿ ಎಂದು ಹೆಸರಿಟ್ಟು ದೂರ ನಿಂತು ನೋಡಿದರು. ಹುಡುಗನ ಕೆನ್ನೆ ತುಂಬಿತು, ಅಂಗಿ ಗಿಡ್ಡವಾಯಿತು. ನನಗೆ ಸಂತೋಷವೂ ಆಯಿತು, ಮೈ ಉರಿಯೂ ಹತ್ತಿತು. ನನ್ನ ಮಗನ ಕರುಳಿಗೆ ಇಲ್ಲದ ಬೆಲೆ ಇಲ್ಲದ ದೇವರಿಗೆ ಇತ್ತಲ್ಲ! ವಿಮಲಕ್ಕನಿಗೆ ಹಾಗೆ ಹೇಳಿದರೆ, "ಊಟ ಮುಟ್ಟದಿದ್ರೆ ಸಾಕಲ್ಲ. ಯಾರ ಹೆಸರಲ್ಲಿ ಮುಟ್ಟಲಿಲ್ಲ ಅಂತ ಎಂತಕ್ಕೆ?" ಎಂದರು.

ಆ ದಿನಗಳಲ್ಲೇ ನಾನು ಒಮ್ಮೆ, "ಆ ಪರಿಮಳದ ಮಾತು ನಿಹಾಲನಿಗೂ ಕಲಿಸಿ," ಎಂದಿದ್ದೆ. ಅವರು ತಲೆ ಅಲ್ಲಾಡಿಸಿದರು. "ಅದು ಅರ್ಥ ಆಗದವರ ಹತ್ರ ಹೇಳುವುದು. ಅರ್ಥ ಆದವರ ಹತ್ರ ಬೇಡ ಅಂದ್ರೆ ಸಾಕು. ನಿನ್ನ ಹತ್ರ ನಾನು ಯಾವತ್ತಾದ್ರೂ ಹಾಗೆ ಹೇಳಿದ್ದುಂಟಾ?" ಹೇಳಿದ್ದಿಲ್ಲ. ನನ್ನ ಮನೆಯಲ್ಲಿ ಅವರು "ಬೇಡ ಶೈಲಾ" ಎನ್ನುತ್ತಿದ್ದರು, ನಾನು ಲೋಟ ಒಳಗಿಡುತ್ತಿದ್ದೆ. ನಮ್ಮಿಬ್ಬರ ಸ್ನೇಹ ಎಂದರೆ ಅಷ್ಟೇ.

ನಾವಿಬ್ಬರೂ ಒಂದು ವಿಷಯ ಮರೆತಿದ್ದೆವು. ಹರಕೆ ಎಂದ ಮೇಲೆ ಅದು ತೀರಲೇಬೇಕು. ನನ್ನ ಅತ್ತೆಗೆ ಆ ಹೆದರಿಕೆ ಒಳಗೊಳಗೇ ಕೊರೆಯುತ್ತಿತ್ತು. ಕಾಯಿಲೆಯನ್ನು ಅವರು ಎಂದೂ ನಂಬಿದವರಲ್ಲ, ಹರಕೆಯನ್ನು ಕೇಳಿದ ದಿನವೇ ನಂಬಿದ್ದರು. ಬಾಕಿ ಉಳಿದ ಹರಕೆ ವಂಶವನ್ನೇ ಹಿಡಿಯುತ್ತದೆ ಎಂದು ಅವರ ಲೆಕ್ಕ. ನನ್ನ ತಾಯಿ ಕಾಲು ಮುರಿದುಕೊಂಡು ಮಲಗಿದ್ದಾರೆಂದು ನಾನು ತವರೂರು ಮಾಣಿಗೆ ಹೋಗಿದ್ದ ವಾರ, ಅತ್ತೆ ಮೊಮ್ಮಗನನ್ನು ಮೀಯಿಸಿ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಬಿಟ್ಟದ್ದನ್ನು ದೇವರ ಎದುರು ತಿಂದರೆ ಹರಕೆ ತೀರಿತು ಎಂದು ಅವರೇ ತೀರ್ಮಾನಿಸಿ, ಗೋಧಿ ಕಡಿ ಪಾಯಸ ಮಾಡಿಸಿ, ನೈವೇದ್ಯವಿಟ್ಟು, ಹುಡುಗ ಬೇಡ ಬೇಡ ಎಂದರೂ ಕುಡಿಸಿದರು. ಜೊತೆಗೆ ಒಯ್ದಿದ್ದ ಡಬ್ಬಿಯ ನೂಲನ್ನು ಅಲ್ಲೇ ಬಿಚ್ಚಿ ಹಾಕಿದರು.

ಮರುದಿನ ಶಾಲೆಯಲ್ಲಿ ಹಬ್ಬ. ನಿಹಾಲನ ಹರಕೆ ಮುಗಿಯಿತಂತೆ! ಟೀಚರು ಬೇಕರಿಯಿಂದ ಕೇಕು ತರಿಸಿದರು, ಅಡುಗೆಯಾಕೆ ಸಜ್ಜಿಗೆ ಬಡಿಸಿದಳು, ಮಕ್ಕಳು ಚಪಾತಿ ಹರಿದು ಹರಿದು ಕೊಟ್ಟರು. ಇಷ್ಟು ದಿನ ಕೊಡಲಾಗದ ಪ್ರೀತಿಯನ್ನೆಲ್ಲ ಆ ಒಂದು ವಾರದಲ್ಲಿ ಕೊಟ್ಟು ಮುಗಿಸಿದರು. ನಾನು ಮಾಣಿಯಿಂದ ಓಡಿ ಬರುವಾಗ ನಿಹಾಲ ಬಂಟ್ವಾಳದ ಆಸ್ಪತ್ರೆಯಲ್ಲಿದ್ದ. ನೀರು ಕುಡಿದರೂ ವಾಂತಿ. ತುಂಬಿದ ಕೆನ್ನೆ ಮತ್ತೆ ಬತ್ತಿತ್ತು. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದವನು, "ನಾನು ಬೇಡ ಅಂದೆ ಅಮ್ಮ," ಎಂದ.

ಹರಕೆಯೇ ಇರಲಿಲ್ಲ, ಅದು ವಿಮಲಕ್ಕ ಹೇಳಿಕೊಟ್ಟ ಉಪಾಯ ಎಂದು ನಾನು ಅತ್ತೆಯ ಎದುರು ಕೂಗಿ ಹೇಳಿದೆ. ಅತ್ತೆ ಅತ್ತರು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ತಪ್ಪು ಯಾರದ್ದೆಂದು ಹೇಳಿದರು. "ದೇವರ ಹೆಸರಲ್ಲಿ ಸುಳ್ಳು ಹೇಳಿದ್ದಕ್ಕೆ ಹೀಗಾಯ್ತು. ಆ ವಿಮಲನ ಬುದ್ಧಿ." ಪಾಯಸ ಕುಡಿಸಿದ್ದಕ್ಕಲ್ಲ, ನೋಡಿ. ಊರಿಗೂ ಅದೇ ಸರಿ ಎನಿಸಿತು. ನಾನು ಆಸ್ಪತ್ರೆಯ ಚೀಟಿ ಹಿಡಿದು ಮನೆಮನೆಗೆ ಹೋಗಿ ಜಗಳವಾಡಿದೆ. ಕೂಗಿದವಳಿಗೆ ಹುಚ್ಚು ಎಂದರು. ಒಂದು ಮಾತೂ ಎದುರಾಡದ ವಿಮಲಕ್ಕನಿಗೆ ಪಾಪಪ್ರಜ್ಞೆ ಎಂದರು.

ನಿಹಾಲ ಮನೆಗೆ ಬಂದ ದಿನ ವಿಮಲಕ್ಕ ಬೇಲಿಯ ಹತ್ತಿರ ಬಂದು ನಿಂತರು. ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ. "ಶೈಲಾ, ಅದು ಸುಳ್ಳಾಗಿತ್ತಲ್ಲ, ಈಗ ನಿಜ ಮಾಡಿದ್ದೇನೆ. ಬಸದಿಗೆ ಹೋಗಿ ನಿಯಮ ತೆಗೊಂಡೆ. ಗೋಧಿ ಬಿಟ್ಟೆ," ಎಂದರು.

"ನಿಮಗೆ ಸಕ್ಕರೆ ಉಂಟು ವಿಮಲಕ್ಕ! ಡಾಕ್ಟರು ಚಪಾತಿ ತಿನ್ಲಿಕ್ಕೆ ಹೇಳಿದ್ದಲ್ವಾ?"

"ಯಾರಾದ್ರೂ ಒಬ್ರು ಹರಕೆ ಹಿಡೀಬೇಕಲ್ಲ ಮಾರಾಯ್ತಿ," ಎಂದು ಹೊಸ ಹಳದಿ ನೂಲೊಂದನ್ನು ಬೇಲಿಯ ಮೇಲಿಂದ ಕೊಟ್ಟರು. ಅದನ್ನು ನಾನು ಡಬ್ಬಿಯ ಹಿಡಿಗೆ ಮತ್ತೆ ಕಟ್ಟಿದೆ.

ಗೋಧಿ ಬಿಟ್ಟದ್ದರಿಂದಲೇ ಅವರು ಸೋತರು ಎಂದು ಹೇಳಲಾರೆ. ವಯಸ್ಸೂ ಆಗಿತ್ತು. ಸಕ್ಕರೆ ಏರಿತು, ಕಾಲಿನ ಗಾಯ ಮಾಗಲಿಲ್ಲ, ಬೆಳ್ತಂಗಡಿಯಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಕಳೆದ ವರ್ಷ ಒಂದು ದಿನ ಅವಳೇ ಫೋನು ಮಾಡಿ, ಅಮ್ಮ ಏನೂ ತಿನ್ನುತ್ತಿಲ್ಲ, ನೀವು ಹೇಳಿದರೆ ಕೇಳಬಹುದು ಎಂದಳು. ನಾನು ತೆಳ್ಳಗೆ ಗಂಜಿ ಮಾಡಿ ನಿಹಾಲ ಶಾಲೆಯಿಂದ ತಂದ ಡಬ್ಬಿಯನ್ನೇ ತೊಳೆದು ತುಂಬಿಸಿ ಹೊರಟೆ. ರಸ್ತೆ ಅಗಲ ಮಾಡುವ ಕೆಲಸದಲ್ಲಿ ಬಸ್ಸು ನಿಂತು ನಿಂತು ಹೋಗಿ, ನಾನು ತಲುಪುವಾಗ ದೀಪ ಹಚ್ಚಿದ್ದರು.

ನೋಡಲು ಬಂದಿದ್ದ ನಮ್ಮ ಊರಿನ ಹೆಂಗಸರಿಬ್ಬರು ಕೋಣೆಯ ಬಾಗಿಲಲ್ಲಿ ನಿಂತು, "ಎಂಥ ನಿಷ್ಠೆ! ಇಷ್ಟು ಸೋತರೂ ರಾತ್ರಿ ಒಂದು ತೊಟ್ಟು ಮುಟ್ಟುವುದಿಲ್ಲ," ಎಂದು ಕೈಮುಗಿಯುತ್ತಿದ್ದರು. ನನ್ನ ಮಗನ ಬಾಯಿಗೆ ತುರುಕಲು ಬಂದ ಕೈಗಳೇ ಅವು. ಅವರನ್ನು ದಾಟಿ ಒಳಗೆ ಹೋದೆ. ವಿಮಲಕ್ಕ ಹಾಸಿಗೆಯಲ್ಲಿ ಒಂದು ಹಿಡಿಯಷ್ಟಾಗಿದ್ದರು. ನನ್ನನ್ನು ಕಂಡು ಮೊದಲು ಕೇಳಿದ್ದು, "ನಿಹಾಲನಿಗೆ ಇವತ್ತು ಎಂತ ಕಟ್ಟಿದ್ದಿ?"

"ಪುಂಡಿ," ಎಂದೆ. ಡಬ್ಬಿ ತೆರೆದು ಚಮಚದಲ್ಲಿ ಗಂಜಿ ತೆಗೆದೆ.

"ಬೇಡ ಶೈಲಾ," ಎಂದರು.

ಇಷ್ಟು ವರ್ಷ ಆ ಮಾತಿಗೆ ಲೋಟ ಒಳಗಿಟ್ಟವಳು ನಾನು. ಅಂದು ನನ್ನಿಂದ ಆಗಲಿಲ್ಲ. ಅವರು ಹೋಗಿಬಿಡುತ್ತಾರೆ ಎಂಬ ಭಯದಲ್ಲಿ ಚಮಚವನ್ನು ಅವರ ತುಟಿಯ ಹತ್ತಿರ ಒಯ್ದು ಹೇಳಿದೆ: "ಒಂದು ಚಮಚ ವಿಮಲಕ್ಕ. ಒಂದು ಚಮಚ ಕುಡಿದ್ರೆ ಎಂತ ಆಗ್ತದೆ?"

ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತು ಎಂದು ನನಗೆ ಕೇಳಿಸಿತು. ಅವರಿಗೂ ಕೇಳಿಸಿತು. ಬೈಯಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, ಮಗಳ ಆಸರೆಯಲ್ಲಿ ಸ್ವಲ್ಪ ಎದ್ದು ಕುಳಿತರು. ಎರಡೂ ಕೈಯಲ್ಲಿ ಆ ಹಳದಿ ನೂಲಿನ ಡಬ್ಬಿಯನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ನಕ್ಕರು.

"ಪರಿಮಳಕ್ಕೇ ಹೊಟ್ಟೆ ತುಂಬಿತು ನೋಡಿ," ಎಂದು ನನಗೆ ಹಿಂದಕ್ಕೆ ಕೊಟ್ಟರು.

ತುಂಬಿದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಪುಂಜಾಲಕಟ್ಟೆಯ ಬಸ್ಸು ಹತ್ತಿದೆ. ಆ ವಾರವೇ ವಿಮಲಕ್ಕ ತೀರಿಕೊಂಡರು. ಅವರು ನನಗೆ ಹೇಳಿದ ಕೊನೆಯ ಮಾತು ಅದೇ.